ಹೋಸ್ಟೆಟರನ ಸೊನ್ನೆ

ಲೈಲ್ ಹೋಸ್ಟೆಟರ್ ಬ್ಯಾಟು ಹಿಡಿದು ಹೊರಟನೆಂದರೆ ಬೆಲ್‌ಹೇವನ್ ಊರಿಗೆ ಊರೇ ಹೆಬ್ಬಾತಾಗುತ್ತಿತ್ತು. ಬ್ಯಾಂಕಿನ ಮ್ಯಾನೇಜರನಿಂದ ಹಿಡಿದು ಪಿಂಗಾಣಿ ಕಾರ್ಖಾನೆಯ ಭಟ್ಟಿ ಕಾಯುವವನ ತನಕ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು 'ಹಾಂಕ್, ಹಾಂಕ್' ಎಂದು ಕೂಗುತ್ತಿದ್ದರು. ನಮ್ಮ ಕಡೆ ಸೊನ್ನೆಗೆ ಹೆಬ್ಬಾತಿನ ಮೊಟ್ಟೆ ಎನ್ನುತ್ತಾರೆ. ಲೈಲ್ ಒಂಬತ್ತು ವರ್ಷದಿಂದ ಆ ಮೊಟ್ಟೆಯ ಮೇಲೆ ಕಾವು ಕೂತಿದ್ದ.

ಅವನು ಚೆಂಡು ಎಸೆಯುವವನು, ಪಿಚರ್. ಎಸೆತ ತಕ್ಕಮಟ್ಟಿಗಿತ್ತು. ಆದರೆ ಆಗಿನ ನಿಯಮದಂತೆ ಎಸೆಯುವವನೂ ತನ್ನ ಸರದಿಗೆ ಬ್ಯಾಟು ಹಿಡಿಯಬೇಕಿತ್ತು. ಲೈಲ್ ನೂರಕ್ಕೂ ಮೀರಿ ಸಲ ಹಿಡಿದಿದ್ದ. ಒಂದು ಹಿಟ್ ಇಲ್ಲ, ಎಂದರೆ ತನ್ನ ಹೊಡೆತದ ಬಲದಿಂದ, ಚೆಂಡು ವಾಪಸು ಬರುವ ಮೊದಲೇ ಓಡಿ ಮೊದಲ ಬೇಸಿನ ಗುರುತು ಮುಟ್ಟಿದ್ದೇ ಇಲ್ಲ. ಕುಂಟು ಹಿಟ್ಟೂ ಇಲ್ಲ, ಕುರುಡು ಹಿಟ್ಟೂ ಇಲ್ಲ. ಊರಿನ ಪತ್ರಿಕೆಯ ಥರ್ಮನ್ ಗ್ಯಾಡಿಸ್ ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿ, ಬೇಸ್‌ಬಾಲ್ ಹುಟ್ಟಿದಾಗಿನಿಂದ ಇಷ್ಟು ಕೆಟ್ಟ ಬ್ಯಾಟು ತನ್ನ ಕಣ್ಣಿಗೆ ಬಿದ್ದಿಲ್ಲ ಎಂದು ಬರೆದಿದ್ದ. ಊರು ಉಬ್ಬಿಹೋಯಿತು. ಪಕ್ಕದೂರಿಗೆ ದೊಡ್ಡ ಸೇತುವೆ ಇತ್ತು, ಅದರಾಚೆಯ ಊರಿಗೆ ಉಕ್ಕಿನ ಗಿರಣಿ. ನಮಗೆ ಲೋಕದಲ್ಲೇ ಅತಿ ಕೆಟ್ಟ ಬ್ಯಾಟ್ಸ್‌ಮನ್ ಸಿಕ್ಕಿದ್ದ.

ಅದೇ ತಂಡದ ಬೆಂಚಿನ ತುದಿಯಲ್ಲಿ ನಾನು ಕೂರುತ್ತಿದ್ದೆ. ಎಜೆಲ್ ಟಾರ್ಪ್ಲಿ, ಅಲಬಾಮಾದವನು, ಕಪ್ಪು ಜನ. ಯಾರಿಗೋ ಕಾಲು ಉಳುಕಿದರೆ, ಯಾರದೋ ಕೈ ಸೋತರೆ, ಅವರ ಬದಲಿಗೆ ಒಂದು ಸಲ ಬ್ಯಾಟು ಬೀಸಿ ಬಂದು ಮತ್ತೆ ಬೆಂಚು ಬಿಸಿ ಮಾಡುವುದು ನನ್ನ ಕೆಲಸ. ನಾಲ್ಕು ಸಲಕ್ಕೆ ಒಂದು ಹಿಟ್ಟಿನ ಆಸುಪಾಸಿನಲ್ಲಿ ನನ್ನ ಲೆಕ್ಕ ತೂಗಾಡುತ್ತಿತ್ತು. ನನಗಾಗಿ ಯಾವ ಪಕ್ಷಿಯೂ ಕೂಗಲಿಲ್ಲ. ನಾನು ಬ್ಯಾಟು ಹಿಡಿದು ಎದ್ದರೆ ಜನ ಸಾಸೇಜು ಕೊಳ್ಳಲು ಎದ್ದು ಹೋಗುತ್ತಿದ್ದರು.

ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಅವನ ಎಸೆತದ ಮೇಲಲ್ಲ, ಅವನ ಹಳದಿ ಕಾರಿನ ಮೇಲಲ್ಲ. ಅವನ ಸೊನ್ನೆಯ ಮೇಲೆ.

ನಾನು ಬಾಡಿಗೆಗಿದ್ದ ಮನೆಯೊಡತಿ ಒಡೆಸ್ಸಾ ಬೈನಮ್ಮಳಿಗೆ ಇದು ದೊಡ್ಡ ತಮಾಷೆ. ಬಿಳಿಯ ಆಟಗಾರರೆಲ್ಲ ಹೆದ್ದಾರಿಯ ಮೋಟೆಲಿನಲ್ಲಿದ್ದರೆ ನಾನು ನದಿಯ ಕಡೆಯ ತಗ್ಗಿನ ಬೀದಿಯಲ್ಲಿ, ಅವಳ ಅಡುಗೆಮನೆಯ ಹಿಂದಿನ ಕೋಣೆಯಲ್ಲಿದ್ದೆ.

"ಜನ ದುಡ್ಡು ನೋಡಿ ಉರ್ಕೋತಾರೆ, ಹೆಂಡ್ತಿ ನೋಡಿ ಉರ್ಕೋತಾರೆ," ಎಂದು ಅವಳು ಕರಿದ ಮೀನು ನನ್ನ ತಟ್ಟೆಗೆ ಹಾಕುತ್ತ ನಗುತ್ತಿದ್ದಳು. "ನೀನೊಬ್ನೇ ಕಣೋ ಮಗಾ, ಏನೂ ಇಲ್ಲದೇ ಇರೋದನ್ನ ನೋಡಿ ಉರ್ಕೊಂಡಿರೋನು."

"ಏನೂ ಇಲ್ಲದೇ ಇದ್ರೂ ಅವನನ್ನ ಇಟ್ಕೊಂಡಿದಾರಲ್ಲಮ್ಮ, ಅದಕ್ಕೆ ಉರಿಯೋದು."

"ಉರೀಲಿ ಬಿಡು. ಮೀನು ಆರೋಗತ್ತೆ, ತಿನ್ನು."

ಲೂಥರ್ ಬೀಮನ್ ಕೂಡ ಅದೇ ಮೇಜಿನಲ್ಲಿ ಉಣ್ಣುತ್ತಿದ್ದ. ನನ್ನ ಹಾಗೇ ಕಪ್ಪು ಹುಡುಗ. ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದ. ಜೂನಿನಲ್ಲಿ ಎರಡು ವಾರ ಅವನ ಬ್ಯಾಟು ಮಂಕಾಯಿತು. ಮೂರನೆಯ ವಾರ ಹೋಗಿ ನೋಡಿದರೆ ಅವನ ಲಾಕರಿನಲ್ಲಿ ಖಾಲಿ ಹ್ಯಾಂಗರು ನೇತಾಡುತ್ತಿತ್ತು. ಯಾರೂ ಹಾಂಕ್ ಎನ್ನಲಿಲ್ಲ. ನಮ್ಮಂಥವರು ತಂಡದಲ್ಲಿ ಉಳಿಯಬೇಕಾದರೆ ನಕ್ಷತ್ರದ ಹಾಗೆ ಹೊಳೆಯಬೇಕು, ಇಲ್ಲ ಬಸ್ಸು ಹತ್ತಬೇಕು. ನಡುವೆ ನಿಲ್ಲಲು ಜಾಗ ಇರಲಿಲ್ಲ. ಸುಮಾರಾಗಿ ಆಡಿಕೊಂಡು ಸುಮ್ಮನೆ ಬದುಕುವುದು ಬಿಳಿಯರ ಹಕ್ಕಾಗಿತ್ತು. ಕೆಟ್ಟದಾಗಿ ಆಡಿ, ಆಡಿದ್ದಕ್ಕೇ ಮುದ್ದಿಸಿಕೊಳ್ಳುವುದು ಅದಕ್ಕೂ ಮೇಲಿನ ಭಾಗ್ಯ. ಆ ಭಾಗ್ಯವನ್ನು ನಾನು ಬೆಂಚಿನ ತುದಿಯಿಂದ ದಿನಾ ನೋಡುತ್ತಿದ್ದೆ.

ಬೇರೆ ಆಟಗಾರರು ತಮ್ಮ ಬ್ಯಾಟನ್ನು ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ. ಒಂದು ಬ್ಯಾಟಿನ ಹೊಟ್ಟೆಯಲ್ಲಿ ಇಂತಿಷ್ಟೇ ಹಿಟ್ಟು ಇರುತ್ತವೆ, ಮಂದಿ ಬಳಸಿದರೆ ತಮಗೆ ಕಡಿಮೆ ಬೀಳುತ್ತವೆ ಎಂದು ಅವರ ನಂಬಿಕೆ. ಆದರೆ ಲೈಲ್ ಕೇಳಿದರೆ ನಗುತ್ತಾ ಕೊಡುತ್ತಿದ್ದರು. "ತಗೋ ಮಾರಾಯ, ನೀನು ಒಂದನ್ನೂ ಖರ್ಚು ಮಾಡಲ್ಲ!" ಲೈಲ್ ಕೂಡ ನಗುತ್ತಿದ್ದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ನನ್ನ ಪಾಡು ಎಷ್ಟೋ ಸಲೀಸಿತ್ತು.

ಎಪ್ಪತ್ತನೆಯ ಇಸವಿಯ ಸೆಪ್ಟೆಂಬರ್. ವರ್ಷದ ಕೊನೆಯ ಪಂದ್ಯ, ಲೈಲ್‌ನ ಬದುಕಿನದೂ ಕೊನೆಯದು. ಭುಜ ಸವೆದು ಅವನು ಆಟ ಬಿಡುವವನಿದ್ದ. ಬೆಳಿಗ್ಗೆ ಅಭ್ಯಾಸದ ಹೊತ್ತಿಗೆ ತಂಡದ ಮ್ಯಾನೇಜರ್ ವರ್ನ್ ಸ್ಲಾಟರಿ ನನ್ನನ್ನು ಬಲೆಯ ಹಿಂದಕ್ಕೆ ಕರೆದ.

"ನೋಡೋ ಎಜ್, ಮುಚ್ಚುಮರೆ ಇಲ್ದೆ ಹೇಳ್ತೀನಿ. ಬೆಂಚಿನೋರು ನಾಲ್ಕಕ್ಕೆ ಒಂದು ಹೊಡೆದಿರಬೇಕು, ಅದಕ್ಕಿಂತ ಒಂದು ಕೂದಲು ಕೆಳಗಿದ್ರೂ ಮುಂದಿನ ವರ್ಷ ಬೇಡ ಅಂದಿದಾರೆ ಮಾಲೀಕರು. ನೀನು ಇವತ್ತು ಒಂದು ಹೊಡೆದ್ರೆ ಸರಿಯಾಗಿ ಅಲ್ಲಿಗೆ ಬರ್ತೀಯ."

"ಎಷ್ಟು ಸಲ ಆಡಿಸ್ತೀರಿ ಯಜಮಾನ್ರೆ?"

ಅವನು ತಂಬಾಕು ಉಗಿದ. "ಒಂದು ಸಲ. ಇವತ್ತು ಲೈಲ್‌ನ ದಿನ ಕಣಪ್ಪ. ಜನ ಅವನನ್ನ ನೋಡೋಕೆ ಬಂದಿರ್ತಾರೆ."

ಲೈಲ್‌ಗೆ ನೂರು ಸಲ ಸೋಲಲು ಬಿಟ್ಟಿದ್ದರು. ನನಗೆ ಒಂದು ಸಲ.

ಅಂಗಳದ ತುಂಬ ಜನ. ಬಾಗಿಲಲ್ಲೇ ಕಾಫಿ ಮಗ್ಗುಗಳ ಪ್ರದರ್ಶನ. ತಂಡದ ಮಾಲೀಕನೇ ಪಿಂಗಾಣಿ ಕಾರ್ಖಾನೆಯ ಮಾಲೀಕ. ಬಿಳಿ ಮಗ್ಗಿನ ಮೇಲೆ ನೀಲಿ ಹೆಬ್ಬಾತು, ಅದರ ಹೊಟ್ಟೆಯಡಿ ದೊಡ್ಡ ಸೊನ್ನೆ, ಕೆಳಗೆ 'ಹೋಸ್ಟೆಟರ್, ಕೊನೆಯವರೆಗೂ' ಎಂದು ಬರೆಸಿ ಭಟ್ಟಿಯಲ್ಲಿ ಸುಟ್ಟಿಟ್ಟಿದ್ದ. ಚಳಿಗಾಲದಲ್ಲಿ ನಡೆಯುವ ತಂಡದ ಔತಣದಲ್ಲಿ ಮಾರಲು.

ಪಂದ್ಯದ ನಾಲ್ಕನೆಯ ಸರದಿಯಲ್ಲಿ, ಎಂದರೆ ನಾಲ್ಕನೆಯ ಇನಿಂಗ್ಸಿನಲ್ಲಿ, ನಮ್ಮ ಎರಡನೇ ಬೇಸಿನವನ ಬದಲಿಗೆ ನನ್ನನ್ನು ಕಳಿಸಿದರು. ಜನ ಸಾಸೇಜಿಗೆ ಎದ್ದರು. ಎರಡನೆಯ ಎಸೆತ ಒಳಕ್ಕೆ ಬಂತು, ಬೀಸಿದೆ. ಎದುರು ತಂಡದ, ಮೂರನೇ ಬೇಸು ಕಾಯುವ ಹುಡುಗನ ಎಡಕ್ಕೆ ಚೆಂಡು ನೆಲ ಸೀಳಿಕೊಂಡು ಹೋಯಿತು. ಅವನು ಮೈ ಚಾಚಿ ಬಿದ್ದ. ಚೆಂಡು ಅವನ ಕೈಗವಸಿನ ತುದಿಯನ್ನು ಸವರಿ, ಅದನ್ನು ಅರ್ಧ ಕಿತ್ತು, ಹುಲ್ಲಿಗೆ ಉರುಳಿತು. ಅಂಥ ಹೊಡೆತವನ್ನು ಹಿಡಿಯುವ ಕೈ ಆ ಲೀಗಿನಲ್ಲಿರಲಿಲ್ಲ. ನಾನು ಮೊದಲ ಬೇಸನ್ನು ದಾಟಿ ಓಡಿದೆ. ದಾಟುವಾಗಲೇ ಕತ್ತೆತ್ತಿ ದೂರದ ಗೋಡೆಯ ಫಲಕ ನೋಡಿದೆ. ಹಿಟ್ಟಾದರೆ ಹಸಿರು ದೀಪ, ಎದುರಾಳಿ ಕೈಜಾರಿಸಿದನೆಂದರೆ ಕೆಂಪು. ಕೆಂಪಾದರೆ ಎರರ್, ಹೊಡೆದವನ ಲೆಕ್ಕಕ್ಕೆ ಔಟಾದಷ್ಟೇ ನಷ್ಟ. ಫಲಕ ಸ್ವಲ್ಪ ಹೊತ್ತು ದೀಪವಿಲ್ಲದೇ ಇತ್ತು.

ಕೆಂಪು ಹತ್ತಿತು.

ಯಾರೂ ಗೊಣಗಲಿಲ್ಲ. ಯಾರೂ ನೋಡಿರಲೇ ಇಲ್ಲ. ನಮ್ಮ ಬೆಂಚಿನವರು ಸೂರ್ಯಕಾಂತಿ ಬೀಜ ಉಗಿಯುತ್ತ ಕೂತಿದ್ದರು. ಆ ದೀಪ ಒತ್ತುವವನು ಗ್ಯಾಡಿಸ್. ಪತ್ರಿಕೆಯವನೇ ಪಂದ್ಯದ ಅಧಿಕೃತ ಲೆಕ್ಕಿಗನೂ ಆಗಿರುವುದು ಇಲ್ಲಿಯ ವಾಡಿಕೆ. ಮೇಲೆ ಹಲಗೆಯ ಗೂಡಿನಲ್ಲಿ ಕೂತು ಅವನು ಹಿಟ್ಟೆಂದರೆ ಹಿಟ್ಟು, ಅಲ್ಲವೆಂದರೆ ಅಲ್ಲ. ಪಂದ್ಯ ಮುಗಿದು ಅವನು ಲೀಗಿನ ಕಚೇರಿಗೆ ಫೋನು ಮಾಡುವ ತನಕ ತೀರ್ಪು ಬದಲಿಸಬಹುದು. ಆದರೆ ಆಟಗಾರರು ಆ ಗೂಡು ಹತ್ತುವ ಪದ್ಧತಿ ಇರಲಿಲ್ಲ. ಕಪ್ಪು ಆಟಗಾರ ಹತ್ತಿದ್ದು ಯಾರೂ ಕೇಳಿಯೇ ಇಲ್ಲ.

ಆ ಸರದಿ ಮುಗಿದ ಮೇಲೆ ನನ್ನ ಜಾಗಕ್ಕೆ ಬೇರೊಬ್ಬ ಹೋದ. "ಸುಮ್ನೆ ಯಾಕೆ ಕೂತಿರ್ತೀಯ, ಮೊದಲ ಬೇಸ್ ಹತ್ರ ನಿಂತ್ಕೊ, ಓಡಿ ಬರೋರಿಗೆ ಕೈ ತೋರ್ಸು," ಎಂದ ವರ್ನ್. ನಿಂತೆ. ನನ್ನ ಮುಂದಿನ ವರ್ಷ ಆ ಕೆಂಪು ದೀಪದ ಜೊತೆಗೇ ಮುಗಿದಿತ್ತು. ಕಾಲು ಮಾತ್ರ ಆ ಬೇಸಿನ ಪಕ್ಕದಲ್ಲಿತ್ತು.

ಏಳನೆಯ ಸರದಿಯಲ್ಲಿ ಲೈಲ್ ಎದ್ದ. ಹಾಂಕ್, ಹಾಂಕ್, ಹಾಂಕ್. ಮುದುಕಿಯರು ಕೂಡ ಎದ್ದು ನಿಂತಿದ್ದರು. ಅವನು ಟೋಪಿ ಎತ್ತಿ ತೋರಿಸಿ, ಮುಳುಗುವವನು ಹಗ್ಗ ಹಿಡಿದ ಹಾಗೆ ಬ್ಯಾಟು ಹಿಡಿದ. ಬೀಸಿದನೋ, ಚೆಂಡೇ ಬಂದು ಬ್ಯಾಟಿಗೆ ತಾಗಿತೋ. ಅದು ಮೂರನೇ ಬೇಸಿನ ಗೆರೆಗುಂಟ ಸೋಮಾರಿಯಾಗಿ ತೆವಳಿತು. ಆ ಹುಡುಗ ಮುಂದಕ್ಕೆ ನುಗ್ಗಿ, ಬರಿಗೈಯಲ್ಲೇ ಚೊಕ್ಕಟವಾಗಿ ಎತ್ತಿ ಎಸೆದ. ಲೈಲ್ ಓಡಿದ, ಗೂಡ್ಸ್ ಗಾಡಿಯ ಹಾಗೆ ಏದುಸಿರು ಬಿಡುತ್ತ ಓಡಿದ. ಚೆಂಡು ನನ್ನ ಕಣ್ಣೆದುರೇ ಮೊದಲ ಬೇಸಿನವನ ಕೈಗವಸಿಗೆ ಬಡಿಯಿತು. ಅಷ್ಟರಲ್ಲಿ ಅವನ ಕಾಲು ಬೇಸಿನ ಮೇಲಿತ್ತು. ಯಾರ ಕೈಯೂ ಜಾರಲಿಲ್ಲ, ಎಸೆತ ನೆಟ್ಟಗಿತ್ತು. ಅಪ್ಪಟ ಹಿಟ್ಟು.

ಇಡೀ ಅಂಗಳ ಉಸಿರು ಬಿಗಿಹಿಡಿಯಿತು. ಲೈಲ್ ಬೇಸಿನ ಮೇಲೆ ಎರಡು ಕಾಲೂ ಜೋಡಿಸಿ ನಿಂತಿದ್ದ. ಅವನ ಮುಖದಲ್ಲಿದ್ದದ್ದನ್ನು ನಾನು ಯಾವ ಮೂವತ್ತೈದರ ಗಂಡಸಿನ ಮುಖದಲ್ಲೂ ಕಂಡಿರಲಿಲ್ಲ. ಅವನು ಫಲಕ ನೋಡಲಿಲ್ಲ. ತನ್ನ ಕಾಲು ನೋಡಿಕೊಳ್ಳುತ್ತಿದ್ದ.

"ಎಜ್," ಎಂದ, "ನಾನಿಲ್ಲಿದೀನಿ ಕಣೋ."

ಕೆಂಪು ಹತ್ತಿತು.

ಆಮೇಲೆ ಎದ್ದಂಥ ಕೂಗನ್ನು ನಾನು ಬದುಕಿನಲ್ಲಿ ಮತ್ತೆ ಕೇಳಿಲ್ಲ. ಜನ ಒಬ್ಬರನ್ನೊಬ್ಬರು ತಬ್ಬಿದರು, ಟೋಪಿ ತೂರಿದರು. ಮೊಟ್ಟೆ ಒಡೆದಿರಲಿಲ್ಲ! ಲೈಲ್ ಕತ್ತೆತ್ತಿದ, ದೀಪ ನೋಡಿದ, ನನ್ನನ್ನು ನೋಡಿದ.

"ಯಾರು ತಪ್ಪು ಮಾಡಿದ್ರೋ?"

"ಯಾರೂ ಇಲ್ಲ."

"ಮತ್ತೆ?"

ನಾನು ಮೇಲಿನ ಗೂಡಿನ ಕಡೆ ನೋಡಿದೆ. ಅವನ ನೋವು ನನಗೆ ಕಂಡಿತು. ಅದರೊಳಗೂ ನನ್ನ ಹೊಟ್ಟೆ ಉರಿಯಿತು. ಅವನ ಹಿಟ್ಟನ್ನು ಕಿತ್ತುಕೊಳ್ಳಲು ಒಂದೂರು ಉಸಿರು ಬಿಗಿಹಿಡಿದಿತ್ತು. ನನ್ನದು ಹೋದಾಗ ಅವರು ಸಾಸೇಜಿಗೆ ಸಾಸಿವೆ ಬಳಿಯುತ್ತಿದ್ದರು.

ಪಂದ್ಯ ಮುಗಿಯಿತು. ಗೆದ್ದೆವು ಅಂತ ಕಾಣುತ್ತದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಲೈಲ್‌ನ ತಲೆಯ ಮೇಲೆ ಬಿಯರು ಸುರಿದರು. ಅವನು ತೊಟ್ಟಿಕ್ಕುತ್ತ ನನ್ನ ಲಾಕರಿನ ಹತ್ತಿರ ಬಂದ.

"ನೀನು ಪಕ್ಕದಲ್ಲೇ ಇದ್ದೆ. ಬಾ, ಥರ್ಮನ್‌ಗೆ ಹೇಳು. ಅವನಿನ್ನೂ ಫೋನ್ ಮಾಡಿರಲ್ಲ."

"ಅಲ್ಲಿಗೆ ನಾನಾ?"

"ನಾನಿದೀನಲ್ಲೋ ಜೊತೆಗೆ!"

ಅದೂ ಅವನದೇ. ಬಾಗಿಲು ಕೂಡ. ನನ್ನ ಹಿಟ್ಟಿಗಾಗಿ ನಾನು ಹತ್ತಲಾಗದ ಮೆಟ್ಟಿಲನ್ನು ಅವನ ಹಿಟ್ಟಿಗಾಗಿ ಹತ್ತಬಹುದಿತ್ತು. ಹತ್ತಿದೆ. ಆದರೆ ಹತ್ತುವಾಗಲೇ ನಿರ್ಧರಿಸಿದ್ದೆ, ಬಾಯಿ ಬಿಟ್ಟರೆ ಮೊದಲು ನನ್ನದು.

ಗ್ಯಾಡಿಸ್ ಟೈಪ್‌ರೈಟರಿನ ಮುಂದೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಕಚ್ಚಿಟ್ಟ ಸ್ಯಾಂಡ್‌ವಿಚ್ಚು, ಕಾಫಿಯ ಲೋಟ. ಗೋಡೆಗೊತ್ತಿ ಆ ಮಗ್ಗುಗಳ ಪೆಟ್ಟಿಗೆಗಳು.

"ಬಂದ್ಯಾ ನನ್ನ ದೊರೆ!" ಎಂದು ಲೈಲ್‌ನನ್ನು ತಬ್ಬಿದ. ನನ್ನ ಕಡೆ ನೋಡಿ, "ಇವನ್ಯಾಕೆ ಕರ್ಕೊಂಡ್ ಬಂದೆ?" ಎಂದ.

"ಥರ್ಮನ್, ಅದು ಹಿಟ್ಟು. ಎಜ್ ನೋಡಿದಾನೆ."

"ನಾನೂ ನೋಡಿದೆನಪ್ಪ. ನಂಗೇನು ಕಣ್ಣಿಲ್ವಾ?" ಗ್ಯಾಡಿಸ್ ದನಿ ತಗ್ಗಿಸಿ ಪೆಟ್ಟಿಗೆಗಳ ಕಡೆ ಕೈ ಮಾಡಿದ. "ಅಷ್ಟನ್ನೂ ಸುಟ್ಟು ಇಟ್ಟಿದಾರೆ. ಸೊನ್ನೆ ಬರೆಸಿ ಆಗಿದೆ. ಒಂದು ಹಿಟ್ಟು ಇರೋ ಕೆಟ್ಟ ಬ್ಯಾಟ್ಸ್‌ಮನ್ ಊರೂರಿಗೂ ಸಿಗ್ತಾನೆ. ಸೊನ್ನೆ ಇರೋನು ನೀನೊಬ್ನೇ. ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೋ, ನೀನು ಸತ್ತ ಮೇಲೂ ನಿನ್ನ ಹೆಸರು ಇರತ್ತೆ."

ಲೈಲ್ ಕುರ್ಚಿಯಲ್ಲಿ ಕುಸಿದ. ಅವನ ಕೂದಲಿನಿಂದ ಬಿಯರು ಹನಿಯುತ್ತಿತ್ತು.

"ನಂದು?" ಎಂದೆ ನಾನು.

"ನಿಂದ್ಯಾವುದು?"

"ನಾಲ್ಕನೇ ಸರದಿ ಸಾರ್. ಮೂರನೇ ಬೇಸಿನ ಕಡೆ ಹೊಡೆದಿದ್ದು. ಕೆಂಪು ಹಾಕಿದ್ರಿ."

ಗ್ಯಾಡಿಸ್ ಹಣೆ ಸುಕ್ಕು ಮಾಡಿ ಸೂರು ನೋಡಿದ. ಸುಳ್ಳು ಹುಡುಕುತ್ತಿರಲಿಲ್ಲ, ನಿಜಕ್ಕೂ ನೆನಪಾಗುತ್ತಿರಲಿಲ್ಲ. "ಓ, ಅದಾ. ಆಗ ನಾನು ಕಾಫಿ ತರೋಕೆ ಕೆಳಗಿಳಿದಿದ್ದೆ. ಕೈಗವಸಿಗೆ ಬಡಿದ ಸದ್ದು ಕೇಳಿಸ್ತು. ಯಾರೋ ಬಿಟ್ಟಿರಬೇಕು ಅಂತ ಬಂದು ಒತ್ತಿದೆ."

ಲೈಲ್‌ನಿಂದ ಕಿತ್ತುಕೊಳ್ಳಲು ಈ ಮನುಷ್ಯ ಕಣ್ಣರಳಿಸಿ ನೋಡಿದ್ದ, ತೂಗಿದ್ದ, ಪ್ರೀತಿಯಿಂದ ಕಿತ್ತಿದ್ದ. ನನ್ನದನ್ನು ಕಿತ್ತುಕೊಳ್ಳಲು ಅವನು ಅಲ್ಲಿ ಇರಬೇಕಾದ ಅಗತ್ಯವೂ ಇರಲಿಲ್ಲ. ಅನ್ಯಾಯದಲ್ಲೂ ಲೈಲ್‌ಗೆ ಮೇಲಿನ ಪಂಕ್ತಿ, ನನಗೆ ಎಂಜಲೆಲೆ.

"ಎರಡೂ ಹಿಟ್ಟು," ಎಂದೆ. "ಎರಡನ್ನೂ ಬದಲಾಯ್ಸಿ."

"ಅಬ್ಬಬ್ಬಾ! ಕೊನೇ ದಿನ ಎರಡೆರಡು ಬದಲಾಯ್ಸಿದ್ರೆ ಕುಡಿದಿದ್ಯೇನಯ್ಯಾ ಅಂತ ಕೇಳ್ತಾರೆ ಕಚೇರಿಲಿ. ಒಂದಾದ್ರೆ ಹೇಗೋ ಹೇಳಬಹುದು. ಅದೂ ಹೆಚ್ಚು." ಅವನು ಫೋನನ್ನು ಹತ್ತಿರಕ್ಕೆ ಎಳೆದುಕೊಂಡ. "ನಿಂಗೆ ಅಷ್ಟೊಂದು ಯಾಕಯ್ಯಾ? ಒಂದು ಹಿಟ್ಟು ಹೆಚ್ಚಾದ್ರೆ ಏನು, ಕಡಿಮೆಯಾದ್ರೆ ಏನು?"

"ಹೆಚ್ಚಾದ್ರೆ ಮುಂದಿನ ವರ್ಷ ಇಲ್ಲಿರ್ತೀನಿ. ಕಡಿಮೆಯಾದ್ರೆ ಲೂಥರ್ ಬೀಮನ್ ಹೋದ ಬಸ್ಸಲ್ಲಿ ಹೋಗ್ತೀನಿ."

ಕೆಳಗೆ ಯಾರೋ ಬೆಂಚುಗಳ ನಡುವೆ ಗುಡಿಸುತ್ತಿದ್ದರು. ಲೈಲ್ ಮಗ್ಗುಗಳನ್ನು ನೋಡಿದ, ಫೋನನ್ನು ನೋಡಿದ, ತನ್ನ ಬೂಟು ನೋಡಿಕೊಂಡ. ಅವನಿಗೆ ಅದು ಬೇಕಿತ್ತು. ಹಸಿದವನಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಅದು ನನಗೆ ಕಾಣುತ್ತಿತ್ತು.

"ಎಜ್‌ದು ಹಾಕು," ಎಂದ. "ನಂದು ಹಾಗೇ ಇರಲಿ."

ಗ್ಯಾಡಿಸ್‌ನ ಕಣ್ಣು ತುಂಬಿಬಂತು. ನಾಟಕವಲ್ಲ, ನಿಜವಾದ ನೀರು. "ಅಯ್ಯೋ ದೇವರೇ," ಎಂದು ಟೈಪ್‌ರೈಟರಿಗೆ ಹೊಸ ಹಾಳೆ ತುರುಕಿದ. "ಬದುಕಲ್ಲಿ ಒಂದೇ ಒಂದು ಹಿಟ್ಟು, ಅದನ್ನೂ ಪಾಪದ ಹುಡುಗನಿಗೆ ಕೊಟ್ಟುಬಿಟ್ಟ! ನಾಳೆ ಇದೇ ಮೊದಲ ಪುಟ. ಎಜ್, ನೀನೊಂದು ಮಾತು ಹೇಳು. ಹೇಗನ್ನಿಸ್ತಿದೆ? ಇಂಥ ಮನುಷ್ಯನಿಗೆ ಏನಂತೀಯ?"

ನನಗೆ ಅರ್ಥವಾಯಿತು. ನಾನು ಹೊಡೆದ ಹಿಟ್ಟು, ನನ್ನ ತೋಳು, ನನ್ನ ಕಾಲು. ನಾಳೆಯಿಂದ ಅದು ಲೈಲ್ ಹೋಸ್ಟೆಟರನ ದಾನ. ಅವನು ಸೋತೂ ದೊಡ್ಡವನು, ಗೆದ್ದೂ ದೊಡ್ಡವನು, ಬಿಟ್ಟುಕೊಟ್ಟರಂತೂ ಸಂತ. ನನಗೆ ಉಳಿದಿದ್ದು ಕೈಮುಗಿಯುವ ಪಾತ್ರ.

"ಅದು ಹಿಟ್ಟು. ನಾನು ಹೊಡೆದಿದ್ದು," ಎಂದೆ. "ಅಷ್ಟು ಬರೀರಿ. ನೀವು ಕಾಫಿ ತರೋಕೆ ಹೋಗಿದ್ರಿ ಅಂತಾನೂ ಬರೀರಿ."

ಗ್ಯಾಡಿಸ್‌ನ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಕಣ್ಣಿನ ನೀರು ಅಲ್ಲೇ ಆರಿತು. "ನೋಡಿದ್ಯಾ ಲೈಲ್? ಇಂಥೋರಿಗೆ ಒಳ್ಳೇದು ಮಾಡಬಾರ್ದು. ಥ್ಯಾಂಕ್ಸ್ ಅನ್ನೋಕೂ ನಾಲಿಗೆ ಬರಲ್ಲ. ನನಗೇನಂತೆ, ಕೆಂಪು ಅಂದ್ರೆ ಕೆಂಪು." ಫೋನಿನಿಂದ ಕೈ ಹಿಂದೆಗೆದುಕೊಂಡ.

ಒಂದು ಮಾತು ಸಾಕಿತ್ತು. ದಯವಿಟ್ಟು ಸಾರ್ ಎಂದಿದ್ದರೆ ಆಗುತ್ತಿತ್ತು. ಅಮ್ಮ ನನಗೆ ಮೊದಲು ಕಲಿಸಿದ ಮಾತೇ ಅದು. ಬದುಕಿ ಮನೆಗೆ ಬರಲಿ ಎಂದು ಕಲಿಸಿದ್ದಳು. ನಾನು ಹಲ್ಲು ಕಚ್ಚಿ ನಿಂತೆ.

"ಥರ್ಮನ್," ಎಂದ ಲೈಲ್. ಒಂಬತ್ತು ವರ್ಷದಲ್ಲಿ ಯಾರೂ ಅವನಿಂದ ಕೇಳದಿದ್ದ ದನಿ ಅದು. "ನೀನು ಫೋನ್ ಮಾಡ್ದೆ ಇದ್ರೆ ನಾನು ಈ ಮಗ್ಗುಗಳನ್ನ ಒಂದೊಂದಾಗಿ ಕಿಟಕಿಯಿಂದ ಎಸೀತೀನಿ. ನನ್ನ ಎಸೆತ ಚೆನ್ನಾಗಿದೆ, ನಿಂಗೊತ್ತು."

ಗ್ಯಾಡಿಸ್ ಫೋನು ಮಾಡಿದ. ನಾಲ್ಕನೆಯ ಸರದಿ, ಟಾರ್ಪ್ಲಿ, ಎರರ್ ಅಲ್ಲ ಹಿಟ್ಟು. ಹೇಳಿ ಮುಗಿಸಿ ನಮಗೆ ಬೆನ್ನು ತಿರುಗಿಸಿ ಟೈಪು ಮಾಡತೊಡಗಿದ. ಏನು ಬರೆಯುತ್ತಾನೆಂದು ಹಾಳೆ ನೋಡದೆಯೂ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಒಡೆಸ್ಸಾಳ ಅಡುಗೆಮನೆಯಲ್ಲಿ ಅದನ್ನೇ ಓದಿದೆ. ಕಾಫಿಯ ಸುದ್ದಿ ಇರಲಿಲ್ಲ.

ಅದಕ್ಕೆ ಮೊದಲು ಮೆಟ್ಟಿಲು ಇಳಿಯುವುದಿತ್ತು. ಲೈಲ್ ನನ್ನ ಮುಂದೆ ಇಳಿಯುತ್ತಿದ್ದ, ನಡುವೆ ನಿಂತ. ಥ್ಯಾಂಕ್ಸಿಗೆ ಕಾಯುತ್ತಿದ್ದಾನೆ ಅಂದುಕೊಂಡು ನಾನು ಗೋಡೆ ನೋಡಿದೆ.

"ನೀನು ಏನೂ ಹೇಳೋದು ಬೇಡ," ಎಂದ. "ಅದು ನಿಂದೇ. ನಂಗೊತ್ತು."

"ಗೊತ್ತಿದ್ರೆ ಸರಿ."

"ನಂದೂ ಹಿಟ್ಟೇ ಅಲ್ವೇನೋ?"

"ಹಿಟ್ಟೇ. ಯಾರು ಕೇಳಿದ್ರೂ ಹೇಳ್ತೀನಿ."

ಅವನು ತಲೆಯಾಡಿಸಿದ. ಕೈಯಲ್ಲಿ ಟೋಪಿ ತಿರುವುತ್ತ, ಕೇಳಲೋ ಬೇಡವೋ ಎನ್ನುವ ಹಾಗೆ ಕೇಳಿದ: "ಆ ದೀಪ ಹತ್ತೋಕೆ ಮುಂಚೆ ನಾನು ಅಲ್ಲಿ ನಿಂತಿದ್ದೆ ನೋಡು. ಒಂದು ಉಸಿರಿನಷ್ಟು ಹೊತ್ತು. ಎಷ್ಟು ಚೆನ್ನಾಗಿತ್ತು ಅಂದ್ರೆ... ನಿಂಗೆ ಪ್ರತಿ ಸಲ ಹಾಗೇ ಆಗತ್ತಾ?"

ಅವನ ಆ ಉಸಿರು ನನಗೆ ನೆನಪಾಯಿತು. ಎರಡು ಕಾಲು ಜೋಡಿಸಿ, ಕತ್ತು ಬಗ್ಗಿಸಿ, ಲೋಕದಲ್ಲಿ ಇನ್ನೇನೂ ಇಲ್ಲದವನ ಹಾಗೆ. ಇಡೀ ವರ್ಷ ಅವನ ಮೇಲಿದ್ದ ಕಿಚ್ಚೆಲ್ಲ ಕೂಡಿದರೂ ಈಗ ಹೊತ್ತಿಕೊಂಡದ್ದರ ಮುಂದೆ ಕೆಂಡದ ಕಿಡಿ.

"ಗೊತ್ತಿಲ್ಲ," ಎಂದೆ. "ನಾನು ಓಡೋವಾಗ್ಲೇ ದೀಪ ನೋಡ್ತಿರ್ತೀನಿ."

ಅವನು ದಾರಿ ಬಿಟ್ಟು ಗೋಡೆಗೊತ್ತಿ ನಿಂತ. ನಾನು ಅವನನ್ನು ದಾಟಿ ಇಳಿದೆ.